ನಾಲ್ಕು ಚಕ್ರದ ರೇಡಾ: ಸೊಂಟ ಗಟ್ಟಿಯಿದ್ದವರು ಕೊಳ್ಳಬಹುದು

ಎಣ್ಣೆ ವ್ಯಾಪಾರಕ್ಕಾಗಿ ಕಾಪುವಾ ಪಟ್ಟಣ ಮತ್ತು ರೋಮ್ ನಡುವೆ ರೇಡಾ ಎಂಬ ಈ ಹೇಸರಗತ್ತೆ ಗಾಡಿಯನ್ನು ವರ್ಷಗಟ್ಟಲೆ ಓಡಿಸಿದ್ದೇನೆ. ಮಾರುವಾಗ ಕಾರ್ಖಾನೆಯವನು ಸಸ್ಪೆನ್ಷನ್ ಇದೆ ಎಂದಿದ್ದ. ಅದು ನನ್ನ ಬೆನ್ನುಮೂಳೆ ಎಂದು ಹೇಳಿರಲಿಲ್ಲ.

ತಪ್ಪೆಲ್ಲ ಗಾಡಿಯದೇ ಅಲ್ಲ. ಕ್ರಿ.ಪೂ. 312ರಲ್ಲಿ ಅಧಿಕಾರಿ ಅಪ್ಪಿಯಸ್ ಕ್ಲಾಡಿಯಸ್ ಆರಂಭಿಸಿದ ಈ ದಾರಿಯ ರಸ್ತೆ (ಕ್ರಿ.ಪೂ. ಎಂದರೇನೆಂದು ರೋಮನ್ನನಾದ ನನ್ನನ್ನು ಕೇಳಬೇಡಿ) ನೋಡಲು ಗಂಭೀರವಾಗಿದೆ. ಆದರೆ ಕಬ್ಬಿಣದ ಪಟ್ಟಿ ಹೊಡೆದ ಚಕ್ರ ಅದರ ಕಲ್ಲುಚಪ್ಪಡಿಗಳ ಮೇಲೆ ಉರುಳುವಾಗ ಬಾಯಿ ತೆರೆದವನು ನಾಲಿಗೆ ಕಚ್ಚಿಕೊಳ್ಳುತ್ತಾನೆ. ಮಾತುಗಾರ ಮಾವನೊಡನೆ ಪ್ರಯಾಣಿಸುವವರು ಇದನ್ನು ಲಾಭದ ಖಾತೆಗೆ ಬರೆದುಕೊಳ್ಳಬಹುದು.

ಕೀಲೆಣ್ಣೆಯ ಖರ್ಚು ಕಡಿಮೆ. ಬೇಸಾಯದ ಪುಸ್ತಕ ಬರೆದ ಹಿರಿಯ ಕೇಟೋ ಹೇಳಿದಂತೆ ಆಲಿವ್ ಹಿಂಡಿದಾಗ ಉಳಿಯುವ ಕಪ್ಪು ಗಸಿಯನ್ನು ಕುದಿಸಿ ಅಚ್ಚಿಗೆ ಬಳಿಯುತ್ತೇನೆ. ಅದನ್ನೇ ಪಾದರಕ್ಷೆಗೂ ಬಳಿಯಿರಿ ಎನ್ನುತ್ತಾನೆ ಆ ಜಿಪುಣ. ಬಳಿಯುವುದನ್ನು ಮರೆತರೆ ಗಾಡಿಗಿಂತ ಮೊದಲು ಅದರ ಕಿರುಗುಟ್ಟುವಿಕೆ ಊರು ಸೇರುತ್ತದೆ.

ಮೈಲೇಜ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಹೇಸರಗತ್ತೆಗೆ ಬಾರ್ಲಿ ಬೇಕು, ನಿಂತಿದ್ದರೂ ಬೇಕು. ದೂರ ಅಳೆಯುವ ಯಂತ್ರವನ್ನು ವಾಸ್ತುಶಿಲ್ಪಿ ವಿಟ್ರೂವಿಯಸ್ ಸೊಗಸಾಗಿ ವಿವರಿಸಿದ್ದಾನೆ: ಒಂದು ಸುತ್ತಿನಲ್ಲಿ 12.5 ಅಡಿ ಸಾಗುವ ಚಕ್ರ 400 ಸುತ್ತು ಉರುಳಿದರೆ 5000 ಅಡಿ, ಅಂದರೆ ನಮ್ಮ ಒಂದು ರೋಮನ್ ಮೈಲಿ. ಆಗ ಕಂಚಿನ ಪಾತ್ರೆಗೆ ಒಂದು ಹರಳು ಠಣ್ಣೆಂದು ಬೀಳುತ್ತದೆ. ನನ್ನ ಗಾಡಿಗೂ ಒಂದು ಹಾಕಿಕೊಡಿ ಎಂದಿದ್ದಕ್ಕೆ ಕಾರ್ಖಾನೆಯವನು, "ದಾರಿಯುದ್ದಕ್ಕೂ ಮೈಲಿಗಲ್ಲುಗಳಿವೆಯಲ್ಲ ಸ್ವಾಮಿ, ಎಣಿಸಿಕೊಳ್ಳಿ, ಪುಕ್ಕಟೆ" ಎಂದ.

ನಿಜವಾದ ತಲೆನೋವು ರೋಮ್ ನಗರದೊಳಗೆ. ಸೀಸರ್ ಕಾಲದ ಕಾನೂನಿನಂತೆ ಸೂರ್ಯೋದಯದಿಂದ ಹಗಲಿನ 10ನೇ ಗಂಟೆಯವರೆಗೆ, ಅಂದರೆ ಇಳಿಹೊತ್ತಿನವರೆಗೆ, ಗಾಡಿಗಳಿಗೆ ಪ್ರವೇಶವಿಲ್ಲ. ದೇವಸ್ಥಾನ ಕಟ್ಟುವ ಸಾಮಗ್ರಿಗೂ ವೆಸ್ಟಾ ದೇವಿಯ ಅರ್ಚಕಿಯರಿಗೂ ವಿನಾಯಿತಿ ಉಂಟು. ನಾನು ಅರ್ಚಕಿಯಲ್ಲವೆಂದು ಕಾವಲುಗಾರನಿಗೆ ನನ್ನ ಗಡ್ಡವೇ ಹೇಳುತ್ತದೆ. ಹಾಗಾಗಿ ಊರಿನ ಗಾಡಿಗಳೆಲ್ಲ ಸಂಜೆಯ ಮೇಲೆ ಒಟ್ಟಿಗೆ ನುಗ್ಗುತ್ತವೆ. ಇಕ್ಕಟ್ಟು ಗಲ್ಲಿಯ ತಿರುವಿನಲ್ಲಿ ಎರಡು ರೇಡಾ ಎದುರುಬದುರಾದರೆ ಹಿಂದಕ್ಕೆ ಸರಿಯಲು ಹೇಸರಗತ್ತೆಗಳೂ ಒಪ್ಪುವುದಿಲ್ಲ, ಗಾಡಿ ಹೊಡೆಯುವವರೂ ಒಪ್ಪುವುದಿಲ್ಲ. ಈ ಗದ್ದಲದಲ್ಲಿ ನಿದ್ದೆ ಬರುವುದಿಲ್ಲವೆಂದು ಕವಿ ಜುವೆನಾಲ್ ಗೊಣಗಿದ್ದಾನೆ. ಗಾಡಿಯೊಳಗೆ ಕುಳಿತವನಿಗೆ ಬರುತ್ತದೆಯೇ ಎಂದು ಮಾತ್ರ ವಿಚಾರಿಸಲಿಲ್ಲ.

ಅಲಂಕಾರಕ್ಕೆ ದುಡ್ಡು ಸುರಿಯಬೇಡಿ. ಚಕ್ರವರ್ತಿ ನೀರೋನ ಹೇಸರಗತ್ತೆಗಳಿಗೆ ಬೆಳ್ಳಿಯ ಲಾಳವಿತ್ತಂತೆ. ನಮ್ಮ ಛತ್ರಗಳ ಲಾಯದಲ್ಲಿ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಅವು ಬರಿಗಾಲಲ್ಲಿ ನಿಂತಿರುತ್ತವೆ.

ಐದಕ್ಕೆ ಮೂರು ನಕ್ಷತ್ರ. ಅದರಲ್ಲಿ ಎರಡು ಹೇಸರಗತ್ತೆಗಳಿಗೆ.