ಕೆರೆಯ ಫೈಬರ್ ದೋಣಿಗೆ ಪೆಟ್ರೋಲ್ ಎಂಜಿನ್ನೋ, ಬ್ಯಾಟರಿ ಮೋಟರೋ

ಹಳೆಯ ಫೈಬರ್ ದೋಣಿಯೊಂದನ್ನು ದುರಸ್ತಿ ಮಾಡಿ ಅದಕ್ಕೆ ಯಂತ್ರ ಹೂಡುವ ಕೆಲಸಕ್ಕೆ ಏನೂ ತಿಳಿಯದೆ ಕೈ ಹಾಕಿದ ನಾನು, ಒಂದೂವರೆ ವರ್ಷದಲ್ಲಿ ಎರಡು ಯಂತ್ರಗಳನ್ನು ಕೊಂಡು, ಇನ್ನೊಂದನ್ನು ಎರವಲು ತಂದು ಓಡಿಸಿ ನೋಡಿದ್ದೇನೆ. ಉಳಿಸಿಕೊಂಡಿರುವುದು ಬ್ಯಾಟರಿಯ ಮೋಟರನ್ನು. ಹಳೆಯ ಟೂ ಸ್ಟ್ರೋಕ್ ಪೆಟ್ರೋಲ್ ಎಂಜಿನ್ನನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆ. ಆದ್ದರಿಂದ ಇದನ್ನು ಪಕ್ಷಪಾತವಿಲ್ಲದ ಹೋಲಿಕೆ ಎಂದು ಯಾರೂ ಓದಬೇಕಾಗಿಲ್ಲ.

ನಮ್ಮದು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ. ಊರ ಕೆರೆಯ ಮೀನು ಸಾಕಣೆಯ ಗುತ್ತಿಗೆ ಮೀನುಗಾರರ ಸಹಕಾರ ಸಂಘದ್ದು, ನಮ್ಮ ಭಾವನವರು ಅದರ ಸದಸ್ಯರು. ಕಾಟ್ಲಾ, ರೋಹು ಮರಿಗಳನ್ನು ಬಿಡುವುದು, ತೌಡು ಮತ್ತು ಕಡಲೆಕಾಯಿ ಹಿಂಡಿ ಹಾಕುವುದು, ರಾತ್ರಿ ಹೊತ್ತು ಬಲೆ ಕಾಯಲು ಒಂದು ಸುತ್ತು ಬರುವುದು, ಇಷ್ಟೇ ದೋಣಿಯ ಕೆಲಸ. ಇದುವರೆಗೆ ಎಲ್ಲವೂ ತೆಪ್ಪದಲ್ಲೇ ನಡೆಯುತ್ತಿತ್ತು. ಹದಿನಾಲ್ಕು ಅಡಿಯ ಈ ಫೈಬರ್ ದೋಣಿ ಒಂದು ಮುಚ್ಚಿದ ರೆಸಾರ್ಟಿನ ಹಿತ್ತಲಿನಲ್ಲಿ ಬೋರಲು ಬಿದ್ದಿತ್ತು. ತರಕಾರಿ ಸಾಗಿಸುವ ಕ್ಯಾಂಟರಿನಲ್ಲಿ ಊರಿಗೆ ತಂದಾಗ ನೋಡಲು ಚೆನ್ನಾಗಿಯೇ ಇತ್ತು. ಹಿಂಬದಿಯ ಗೋಡೆಯ ಒಂದು ಸ್ಕ್ರೂ ಬಿಚ್ಚಿದಾಗ ಆ ತೂತಿನಿಂದ ಕಾಫಿ ಡಿಕಾಕ್ಷನ್ ಬಣ್ಣದ ನೀರು ತೊಟ್ಟಿಕ್ಕತೊಡಗಿ, ಸಂಜೆಯಾದರೂ ನಿಲ್ಲಲಿಲ್ಲ.

ಎಂಜಿನ್ ಕಚ್ಚಿಸುವ ಈ ಹಿಂಬದಿಯ ಗೋಡೆಯೇ ಹಳೆಯ ದೋಣಿಯ ಜೀವ. ಫೈಬರಿನ ಎರಡು ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಯಾವುದೋ ತೂತಿನಿಂದ ನೀರು ಸೇರಿದರೆ ಹೊರಗೆ ಏನೂ ಕಾಣದಂತೆ ಒಳಗೆ ಕೊಳೆಯುತ್ತದೆ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಇರುವಲ್ಲಿ ಠಣ್ ಎನ್ನುತ್ತದೆ, ಕೊಳೆತಲ್ಲಿ ಒದ್ದೆ ಗೋಣಿಚೀಲಕ್ಕೆ ಹೊಡೆದ ಸದ್ದು ಬರುತ್ತದೆ. ನನ್ನ ದೋಣಿಯಲ್ಲಿ ಮುಕ್ಕಾಲು ಪಾಲು ಗೋಣಿಚೀಲವೇ ಆಗಿತ್ತು. ಒಳಪದರವನ್ನು ಕತ್ತರಿಸಿ, ಕೊಳೆತದ್ದನ್ನು ಕೆರೆದು ತೆಗೆದು, ಐಎಸ್ 710 (ಭಾರತೀಯ ಮಾನಕ) ಗುರುತಿನ, ನೀರು ತಾಳುವ ಮರೀನ್ ಪ್ಲೈವುಡ್‌ನ ಎರಡು ಹಾಳೆಗಳನ್ನು ಅಂಟಿಸಿ ಕೂರಿಸಿದೆವು. ಐಎಸ್ 303ರ ಸಾಮಾನ್ಯ ಪ್ಲೈವುಡ್ ಅಗ್ಗವಾಗಿ ಸಿಗುತ್ತದೆ, ಆದರೆ ಈ ಜಾಗಕ್ಕೆ ಅದು ಬೇಡ.

ಗ್ಲಾಸ್ ನೂಲನ್ನು ನೆನೆಸಿ ಗಟ್ಟಿಯಾಗಿಸುವ ಅಂಟುದ್ರವವಾದ ರೆಸಿನ್ ವಿಷಯದಲ್ಲಿ ನಾನು ಪಾಲಿಯೆಸ್ಟರ್, ಎಪಾಕ್ಸಿ ಎರಡನ್ನೂ ಬಳಸಿ ನೋಡಿದೆ. ಪಾಲಿಯೆಸ್ಟರ್ ರೆಸಿನ್ನಿಗೆ ನೂರಕ್ಕೆ ಒಂದೆರಡು ಪಾಲು ಕ್ಯಾಟಲಿಸ್ಟ್ ಹಾಕಿದರೆ ಸಾಕು, ಅಳತೆ ಸ್ವಲ್ಪ ಹೆಚ್ಚುಕಡಿಮೆಯಾದರೂ ಗಟ್ಟಿಯಾಗುತ್ತದೆ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಡಬ್ಬಿಯಲ್ಲಿಯೇ ಹೆಪ್ಪುಗಟ್ಟಿ, ಮೊದಲ ದಿನದ ಅರ್ಧ ರೆಸಿನ್ ಬ್ರಷ್ಷಿನ ಸಮೇತ ಕಸಕ್ಕೆ ಹೋಯಿತು. ಅದಕ್ಕಿಂತ ಮುಖ್ಯವಾಗಿ, ಹಳೆಯ ಒಣಗಿದ ಫೈಬರಿನ ಮೇಲೆ ಅದರ ಹಿಡಿತ ಕಡಿಮೆ. ಸರಿಯಾಗಿ ಉಜ್ಜದೆ ಹಾಕಿದ ನನ್ನ ಮೊದಲ ತೇಪೆ ಹಪ್ಪಳದಂತೆ ಇಡಿಯಾಗಿ ಎದ್ದು ಬಂತು. ಎಪಾಕ್ಸಿ ನನಗೆ ಸುಮಾರು ಎರಡೂವರೆ ಪಟ್ಟು ದುಬಾರಿ ಬಿತ್ತು, ಅದನ್ನು ಗಟ್ಟಿಯಾಗಿಸುವ ಹಾರ್ಡನರನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕಾಯಿತು, ಆದರೂ ಮರಕ್ಕೂ ಹಳೆಯ ಫೈಬರಿಗೂ ಅದು ಕಚ್ಚಿದ ಬಗೆಯೇ ಬೇರೆ. ಇದರ ಜೊತೆಗೆ ಸಾಮಾನ್ಯ ಚೂರುನೂಲಿನ ಮ್ಯಾಟ್ ಬೇಡ, ನೇಯ್ದ ಗ್ಲಾಸ್ ಬಟ್ಟೆ ಬೇಕು; ಏಕೆಂದರೆ ಮ್ಯಾಟಿನ ನೂಲುಗಳನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರಾವಕದಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಹಿಂಬದಿಯ ಗೋಡೆಗೆ ಎಪಾಕ್ಸಿ, ಉಳಿದ ಸಣ್ಣಪುಟ್ಟ ಬಿರುಕುಗಳಿಗೆ ಪಾಲಿಯೆಸ್ಟರ್ ಎಂದು ಕೊನೆಗೆ ಹಂಚಿಕೊಂಡೆ. ಫೈಬರ್ ಉಜ್ಜುವಾಗ ಮಾಸ್ಕು ಮತ್ತು ತುಂಬುತೋಳಿನ ಅಂಗಿ ಇರಲಿ. ಆ ತುರಿಕೆ ಎರಡು ದಿನ ಬಿಡುವುದಿಲ್ಲ.

ಇನ್ನು ಯಂತ್ರ. ಮೊದಲು ಕೊಂಡದ್ದು 5 ಎಚ್‌ಪಿಯ ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕಚ್ಚಿಸುವಂಥದು. ಕರಾವಳಿಯಲ್ಲಿ ಇಂಥವು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ. ಮಾರಿದವರು ಡ್ರಮ್ಮಿನ ನೀರಿನಲ್ಲಿ ಇಳಿಸಿ, ಎರಡನೆಯ ಎಳೆತಕ್ಕೆ ಸ್ಟಾರ್ಟ್ ಮಾಡಿ ತೋರಿಸಿ, "ಎಂಜಿನ್ ಏನೂ ತೊಂದರೆ ಇಲ್ಲ ಮಾರಾಯ್ರೇ, ನಿಮ್ಮ ಕೆರೆಗೆ ಇದು ಧಾರಾಳ ಸಾಕು" ಎಂದರು. ಅವರು ಸುಳ್ಳು ಹೇಳಲಿಲ್ಲ. ನಾನು ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳಲಿಲ್ಲ, ಅಷ್ಟೇ.

ಆ ಪ್ರಶ್ನೆ ಶಾಫ್ಟಿನ, ಅಂದರೆ ಎಂಜಿನ್ನಿನಿಂದ ಪ್ರೊಪೆಲ್ಲರಿನವರೆಗೆ ಇಳಿಯುವ ಕಾಲಿನ, ಉದ್ದದ್ದು. ಔಟ್‌ಬೋರ್ಡ್ ಎಂಜಿನ್ನುಗಳು ಸಾಮಾನ್ಯವಾಗಿ ಎರಡು ಅಳತೆಯಲ್ಲಿ ಬರುತ್ತವೆ: ಗಿಡ್ಡ ಶಾಫ್ಟಿನವು 15 ಇಂಚು ಎತ್ತರದ ಹಿಂಬದಿಗೆ, ಉದ್ದ ಶಾಫ್ಟಿನವು 20 ಇಂಚಿನದಕ್ಕೆ. ನನ್ನ ದೋಣಿಯದು 15 ಇಂಚು. ತಂದ ಎಂಜಿನ್ ಅಲೆಗಳ ನಡುವೆ ಓಡುವ ಎತ್ತರದ ದೋಣಿಗೆಂದೇ ಇದ್ದ ಉದ್ದ ಶಾಫ್ಟಿನದು. ಪ್ರೊಪೆಲ್ಲರಿನ ಮೇಲ್ಗಡೆ ಒಂದು ಚಪ್ಪಟೆ ರೆಕ್ಕೆ ಇರುತ್ತದೆ. ಅದು ದೋಣಿಯ ತಳಕ್ಕೆ ಸಮನಾಗಿ, ಇಲ್ಲವೇ ಒಂದು ಇಂಚು ಕೆಳಗೆ ಇರಬೇಕು. ನನ್ನದು ಆರು ಇಂಚು ಕೆಳಗಿತ್ತು. ಐದು ಇಂಚಿನ ವ್ಯತ್ಯಾಸದಿಂದ ಏನಾದೀತು ಎಂದುಕೊಂಡು ನಾನು ಹಾಗೆಯೇ ನೀರಿಗಿಳಿಸಿದೆ.

ನಮ್ಮ ಭಾಗದ ಕೆರೆಗಳನ್ನು ಬಲ್ಲವರು ಮುಂದಿನದನ್ನು ಊಹಿಸಬಲ್ಲರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ ಬೆಳೆಯುತ್ತದೆ. ಯಾರೋ ಸೌದೆಗೆಂದು ಮೊಣಕಾಲೆತ್ತರಕ್ಕೆ ಕಡಿದುಕೊಂಡು ಹೋಗುತ್ತಾರೆ. ಮುಂದೆ ಕೆರೆ ತುಂಬಿದಾಗ ಆ ಕೂಳೆಗಳೆಲ್ಲ ನೀರಿನ ಅಡಿಯಲ್ಲಿ ಗೂಟ ಹೊಡೆದಂತೆ ನಿಂತಿರುತ್ತವೆ. ಮೊದಲ ದಿನವೇ, ಏರಿಯಿಂದ ಇನ್ನೂರು ಅಡಿ ದಾಟುವುದರೊಳಗೆ, ಕೆಳಗೆ ಟಕ್ ಎಂದಿತು. ಎಂಜಿನ್ ಭೋರ್ಗರೆಯುತ್ತಲೇ ಇತ್ತು, ದೋಣಿ ಮಾತ್ರ ನಿಂತಿತ್ತು. ಪ್ರೊಪೆಲ್ಲರ್ ಯಾವುದಕ್ಕಾದರೂ ತಗುಲಿದಾಗ ಒಳಗಿನ ಗೇರು ಉಳಿಯಲೆಂದು ತಾನು ಮುರಿಯುವ ಒಂದು ಸಣ್ಣ ಪಿನ್ನು ಆ ಎಂಜಿನ್ನಿನಲ್ಲಿತ್ತು. ಅದು ತನ್ನ ಕೆಲಸ ಮಾಡಿ ಮುರಿದಿತ್ತು. ಒಂದೇ ತಿಂಗಳಲ್ಲಿ ಏಳು ಪಿನ್ನು ಹೋದವು. ಲೇತ್ ಅಂಗಡಿಯವರು ಸ್ಟೀಲಿನಲ್ಲಿ ಮಾಡಿಕೊಡುತ್ತೇನೆ, ಜನ್ಮದಲ್ಲಿ ಮುರಿಯುವುದಿಲ್ಲ ಎಂದರು. ಪಿನ್ನು ಮುರಿಯದಿದ್ದರೆ ಗೇರು ಮುರಿಯುತ್ತದೆ ಎಂದು ಹೇಳಿ ಹಿತ್ತಾಳೆಯಲ್ಲೇ ಒಂದು ಡಜನ್ ಮಾಡಿಸಿಕೊಂಡೆ. ಮೂರನೆಯ ಪಿನ್ನು ಹೋದ ಸಂಜೆ ಭಾವನವರು ಹಿಂಡಿಯ ಚೀಲದ ಮೇಲೆ ಕುಳಿತು, "ಹುಟ್ಟು ಹಾಕಿದ್ರೆ ಇಷ್ಟೊತ್ತಿಗೆ ತೂಬಿನ ತಾವ ಇರ್ತಿದ್ವಲ್ಲಯ್ಯ" ಎಂದದ್ದು ಇನ್ನೂ ನೆನಪಿದೆ.

ಸರಿ, ಎಂಜಿನ್ನನ್ನೇ ಐದು ಇಂಚು ಮೇಲಕ್ಕೆತ್ತೋಣ ಎಂದು ಬಡಗಿಯವರಿಂದ ಒಂದು ದಪ್ಪ ಹಲಗೆ ಮಾಡಿಸಿ, ಹಿಂಬದಿಯ ಗೋಡೆಗೆ ನಾಲ್ಕು ಬೋಲ್ಟಿನಿಂದ ಬಿಗಿಸಿ, ಅದರ ಮೇಲೆ ಎಂಜಿನ್ ಕೂರಿಸಿದೆ. ಪ್ರೊಪೆಲ್ಲರಿನ ಆಳ ಸರಿಹೋಯಿತು. ಆದರೆ ತಿರುಗಿಸುವ ಹಿಡಿ ಎದೆಯ ಮಟ್ಟಕ್ಕೆ ಬಂದು, ಕುಳಿತು ನಡೆಸುವುದೇ ಕಷ್ಟವಾಯಿತು. ಭಾರ ಮೇಲೆ ಹೋದದ್ದರಿಂದ ತಿರುವಿನಲ್ಲಿ ದೋಣಿ ವಾಲತೊಡಗಿತು. ಎರಡು ತಿಂಗಳು ಕಳೆದು ಬೋಲ್ಟ್ ಬಿಚ್ಚಿ ನೋಡಿದರೆ ಒಳಗಿನ ಹೊಸ ಪ್ಲೈವುಡ್ ತೇವವಾಗಿತ್ತು. ಇದು ಪೂರ್ತಿ ನನ್ನದೇ ತಪ್ಪು. ಬೋಲ್ಟಿಗೆ ಬೇಕಾದ ತೂತಿಗಿಂತ ದೊಡ್ಡದನ್ನು ಕೊರೆದು, ಅದನ್ನು ದಪ್ಪಗೆ ಕಲಸಿದ ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಮತ್ತೆ ಸಣ್ಣ ತೂತು ಕೊರೆಯಬೇಕಿತ್ತು. ಆಗ ನೀರು ಇಳಿದರೂ ಮರಕ್ಕೆ ಮುಟ್ಟುವುದಿಲ್ಲ. ನಾನು ಸುಮ್ಮನೆ ಕೊರೆದು ಸಿಲಿಕೋನ್ ಬಳಿದಿದ್ದೆ. ಯಾವ ರೋಗಕ್ಕಾಗಿ ಆ ಗೋಡೆಯನ್ನು ಬಿಚ್ಚಿ ಕಟ್ಟಿದೆನೋ ಅದೇ ರೋಗವನ್ನು ನನ್ನ ಕೈಯಾರೆ ಮತ್ತೆ ಅಂಟಿಸಿದ್ದೆ.

ಇಂಧನದ್ದು ಎರಡನೆಯ ಕಿರಿಕಿರಿ. ಟೂ ಸ್ಟ್ರೋಕಿಗೆ ಪೆಟ್ರೋಲಿನಲ್ಲೇ ಲೀಟರಿಗೆ 20 ಮಿ.ಲೀ. ಆಯಿಲ್ ಬೆರೆಸುವುದು ಕಷ್ಟದ ಕೆಲಸವಲ್ಲ. ಆದರೆ ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ದಿನವೂ ಓಡುವ ಬೈಕಿಗೆ ಇದು ಅಷ್ಟಾಗಿ ತಟ್ಟುವುದಿಲ್ಲ. ವಾರಗಟ್ಟಲೆ ಕೆರೆಯ ದಡದ ಶೆಡ್ಡಿನಲ್ಲಿ ಸುಮ್ಮನಿರುವ ಟ್ಯಾಂಕಿನಲ್ಲಿ ನೀರು ಹೆಚ್ಚಾದರೆ ಎಥನಾಲ್ ಮತ್ತು ನೀರು ಒಂದಾಗಿ ತಳಕ್ಕಿಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ ಮೊದಲು ಎಳೆದುಕೊಳ್ಳುವುದು ಆಯಿಲ್ ಇಲ್ಲದ ಆ ತಳದ ಪದರವನ್ನು. ಮೂರು ವಾರಕ್ಕೊಮ್ಮೆ ಟ್ಯಾಂಕು ಖಾಲಿ ಮಾಡುವ ಶಿಸ್ತು ಇರುವವರಿಗೆ ಇದು ತೊಂದರೆಯಲ್ಲ. ಆ ಶಿಸ್ತು ನನಗಿಲ್ಲ. ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿಸಿದೆ.

ಫೋರ್ ಸ್ಟ್ರೋಕ್ ಎಂಜಿನ್ನನ್ನು ಪರಿಚಯದವರಿಂದ ಎರಡು ದಿನಕ್ಕೆ ತಂದು ಓಡಿಸಿದೆ. 9.9 ಎಚ್‌ಪಿ, ಗಿಡ್ಡ ಶಾಫ್ಟು. ಸದ್ದು ಕಡಿಮೆ, ಹೊಗೆಯಿಲ್ಲ, ಎಣ್ಣೆ ಬೆರೆಸುವ ಗೊಡವೆಯಿಲ್ಲ. ಯಂತ್ರವಾಗಿ ಮೂರರಲ್ಲಿ ಇದೇ ಶ್ರೇಷ್ಠ ಎಂದು ಒಪ್ಪುತ್ತೇನೆ. ಆದರೆ ಸುಮಾರು 40 ಕಿಲೋ ತೂಕದ ಅದನ್ನು ಏರಿಯ ಮೇಲಿಂದ ಹೊತ್ತು ಇಳಿಸಲು ಇಬ್ಬರು ಬೇಕು, ಆಯಿಲ್ ಸಿಲಿಂಡರಿಗೆ ಇಳಿಯದಂತೆ ಹೇಳಿದ ಮಗ್ಗುಲಿಗೇ ಮಲಗಿಸಬೇಕು, ಹೊಸದರ ಬೆಲೆಯಲ್ಲಿ ಒಂದು ಒಳ್ಳೆಯ ಹಸು ಬಂದು ಇನ್ನೂ ದುಡ್ಡು ಉಳಿಯುತ್ತದೆ. ಇಷ್ಟಕ್ಕೂ ನಮಗೆ ಆ ಶಕ್ತಿ ಬೇಡ. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ; ಹದಿನಾಲ್ಕು ಅಡಿಗೆ ಅದು ಗಂಟೆಗೆ ಸುಮಾರು 9 ಕಿ.ಮೀ. ಅದನ್ನು ಮೀರಬೇಕೆಂದರೆ ದೋಣಿ ಮೇಲೆದ್ದು ನೀರಿನ ಮೇಲೆ ಜಾರಬೇಕು, ಇಬ್ಬರು ಜನ ಮತ್ತು ನಾಲ್ಕು ಚೀಲ ಹಿಂಡಿ ಹೊತ್ತ ನಮ್ಮ ದೋಣಿ ಹಾಗೆ ಏಳುವ ಜಾತಿಯದಲ್ಲ.

ಕೊನೆಗೆ ಬಂದದ್ದು 12 ವೋಲ್ಟಿನ, 55 ಪೌಂಡ್ ನೂಕುಬಲದ ಬ್ಯಾಟರಿ ಮೋಟರು. ನನ್ನನ್ನು ಅದು ಗೆದ್ದದ್ದು ಒಂದೇ ಒಂದು ತಿರುಪಿನಿಂದ: ಉದ್ದನೆಯ ಕೊಳವೆಯ ಮೇಲಿನ ಆ ತಿರುಪನ್ನು ಸಡಿಲಿಸಿದರೆ ಮೋಟರು ಬೇಕಾದಷ್ಟು ಮೇಲೆ ಬರುತ್ತದೆ, ಬೇಕಾದಷ್ಟು ಕೆಳಗೆ ಹೋಗುತ್ತದೆ. ಐದು ಇಂಚಿಗಾಗಿ ಎರಡು ತಿಂಗಳು ಒದ್ದಾಡಿದವನಿಗೆ ಅದು ಎಂಥ ಸುಖವೆಂದು ಬರೆದು ತಿಳಿಸಲಾಗದು. ಜೊಂಡು ಅಥವಾ ಬಲೆಯ ನೂಲು ಸುತ್ತಿಕೊಂಡರೆ ಒಂದೇ ಕೈಯಲ್ಲಿ ಮೇಲೆತ್ತಿ ಬಿಡಿಸಬಹುದು. ರಾತ್ರಿ ಕಾವಲಿಗೆ ಹೋದಾಗ ಸದ್ದಿಲ್ಲದಿರುವುದು ಬಲೆ ಕದಿಯುವವರಿಗೆ ಮಾತ್ರ ಅನಾನುಕೂಲ.

ಬ್ಯಾಟರಿಯಲ್ಲಿಯೂ ಎರಡು ದಾರಿಗಳಿವೆ. ಮೊದಲು ಮನೆಯ ಯುಪಿಎಸ್‌ನ 150 ಆಂಪಿಯರ್ ಅವರ್ ಟ್ಯೂಬುಲರ್ ಬ್ಯಾಟರಿಯನ್ನೇ ಹೊತ್ತುಕೊಂಡು ಹೋದೆ. ತೂಕ ಐವತ್ತು ಕಿಲೋ ದಾಟುತ್ತದೆ, ದೋಣಿ ವಾಲಿದರೆ ಆಸಿಡ್ ತುಳುಕುವ ಭಯ, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಮೇಲಾಗಿ ಅದರ ಮೇಲೆ ಬರೆದ ಅಂಕಿ ಇಪ್ಪತ್ತು ಗಂಟೆ ನಿಧಾನವಾಗಿ ಕರೆಂಟು ಎಳೆದರೆ ಸಿಗುವಂಥದು. ಮೋಟರು ಎಳೆಯುವ ರಭಸಕ್ಕೆ ಅಷ್ಟು ಸಿಗದು. ಆಮೇಲೆ ಕೊಂಡ 100 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹನ್ನೆರಡು ಕಿಲೋ ಇದೆ, ಒಬ್ಬನೇ ಹೆಗಲಿಗೆ ಹಾಕಿಕೊಂಡು ಮನೆಗೆ ತಂದು ಚಾರ್ಜ್ ಮಾಡುತ್ತೇನೆ. ಪೂರ್ತಿ ವೇಗದಲ್ಲಿ ಮೋಟರು ಸುಮಾರು 50 ಆಂಪಿಯರ್ ಎಳೆಯುವುದರಿಂದ ಎರಡು ಗಂಟೆ ಬರುತ್ತದೆ. ಹಿಂಡಿ ಹಾಕುವ ನಿಧಾನದ ವೇಗದಲ್ಲಿ ಬೆಳಗಿನ ಕೆಲಸ ಮುಗಿದರೂ ಉಳಿದಿರುತ್ತದೆ. ಲಿಥಿಯಂ ಕೊಳ್ಳುವವರು ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್) ಎಷ್ಟು ಆಂಪಿಯರಿನದು ಎಂದು ಕೇಳಲೇಬೇಕು. ನನಗೆ ಮೊದಲು ಕಳಿಸಿದ್ದು 50 ಆಂಪಿಯರಿನದು. ಜೊಂಡು ಸಿಕ್ಕಿ ಮೋಟರು ತಿಣುಕಿದ ಕೂಡಲೇ ಅದು ಕರೆಂಟು ಕಡಿದು ನಡುನೀರಿನಲ್ಲಿ ನಿಲ್ಲಿಸುತ್ತಿತ್ತು, ಬದಲಾಯಿಸಿ 100 ಆಂಪಿಯರಿನದನ್ನು ತರಿಸಿಕೊಂಡೆ. ವೈರು 16 ಚದರ ಮಿ.ಮೀ. ತಾಮ್ರದ್ದು, ಬ್ಯಾಟರಿಯ ಪಕ್ಕದಲ್ಲೇ 60 ಆಂಪಿಯರಿನ ಬ್ರೇಕರ್.

ಇದರ ಕೊರತೆ ಗಾಳಿ. ಆಷಾಢದಲ್ಲಿ ಪಡುವಣ ಗಾಳಿ ಕೆರೆಯ ಮೇಲೆ ಬೀಸುವಾಗ ಕೋಡಿಯ ಕಡೆಯಿಂದ ಎದುರುಗಾಳಿಗೆ ವಾಪಸು ಬರುವುದೆಂದರೆ ಪೂರ್ತಿ ವೇಗ ಕೊಟ್ಟರೂ ನಡೆದುಕೊಂಡು ಬಂದಂತೆಯೇ. ಆ ಒಂದು ತಿಂಗಳು ಬೆಳಗ್ಗೆ ಆರಕ್ಕೆ ಹೋಗಿ, ಗಾಳಿ ಏಳುವ ಮೊದಲೇ ದಡ ಸೇರುತ್ತೇವೆ.

ಮೋಟರು, ಬ್ಯಾಟರಿ, ಚಾರ್ಜರ್, ವೈರು ಎಲ್ಲ ಸೇರಿ ಎಪ್ಪತ್ತು ಸಾವಿರದ ಆಸುಪಾಸು ಆಯಿತು. ಹಳೆಯ ಟೂ ಸ್ಟ್ರೋಕಿಗೆ ಅದರ ಅರ್ಧ ಕೊಟ್ಟಿದ್ದೆ, ಪಿನ್ನು, ಹಲಗೆ, ಕಾರ್ಬ್ಯುರೇಟರ್ ಎಂದು ಮತ್ತೆ ಸುರಿದದ್ದು ಬೇರೆ. ಒಂದು ಕಿ.ಮೀ. ಅಗಲದ ಕೆರೆ, ದಿನಕ್ಕೆ ಒಂದೆರಡು ಗಂಟೆಯ ಕೆಲಸ, ಎಂಜಿನ್ ಒರೆಸಿಡಲು ಬೇಸರಪಡುವ ನನ್ನಂಥ ಯಜಮಾನ, ಇಷ್ಟಿದ್ದರೆ ಬ್ಯಾಟರಿಯನ್ನೇ ಕೊಳ್ಳಿ. ದೊಡ್ಡ ಜಲಾಶಯದಲ್ಲಿ ದಿನವಿಡೀ ತಿರುಗುವವರು ಫೋರ್ ಸ್ಟ್ರೋಕಿಗೇ ದುಡ್ಡು ಕೂಡಿಡುವುದು ಮೇಲು, ಅರ್ಧ ದಾರಿಯಲ್ಲಿ ಬ್ಯಾಟರಿ ಮುಗಿದರೆ ಅಲ್ಲಿ ಹುಟ್ಟು ಹಾಕಿ ದಡ ಸೇರುವುದು ಆಗದ ಮಾತು. ನಮ್ಮ ದೋಣಿಯಲ್ಲಿ ಮಾತ್ರ ಎರಡೂ ಹುಟ್ಟುಗಳು ಇನ್ನೂ ಇವೆ. ಅವನ್ನು ಕೆಳಗಿಳಿಸಲು ಭಾವನವರು ಒಪ್ಪಿಲ್ಲ.