ಹಲಸಿನ ಗಿಟಾರಿಗೆ ಗಾಢ ಬಣ್ಣ: ಅಂಗಡಿಯ ಸ್ಟೇನೋ, ಸ್ಪಿರಿಟ್ ಬಣ್ಣವೋ, ಅಳಲೆಕಾಯಿಯೋ?

ಹಳೆಯ ಮನೆಯ ಅಟ್ಟ ಬಿಚ್ಚಿದಾಗ ಸಿಕ್ಕಿದ ಹಲಸಿನ ಹಲಗೆಯಿಂದ ಎಲೆಕ್ಟ್ರಿಕ್ ಗಿಟಾರಿನ ಒಡಲು ಕೊರೆದೆ. ಟೆಲಿಕಾಸ್ಟರ್ ಎಂಬ ಗಿಟಾರ್ ಮಾದರಿಯ ಆಕಾರ, ದಪ್ಪ 44 ಮಿಲಿಮೀಟರ್. ವೀಣೆ, ಮೃದಂಗಗಳಿಗೆ ತಲೆಮಾರುಗಳಿಂದ ಒಗ್ಗಿದ ಮರ ಗಿಟಾರಿಗೂ ಒಗ್ಗೀತು ಎಂಬ ನಂಬಿಕೆ ನನ್ನದು. ಹಲಗೆಯ ಮೇಲ್ಮೈ ಹೊಗೆ ಕುಡಿದು ಕಂದಾಗಿತ್ತು, ಆದರೆ ಹತ್ತರಿ ಹೊಡೆದ ಕೂಡಲೇ ಅರಿಶಿನದಂಥ ಹಳದಿ ಹೊರಬಂತು. ಬೆರಳು ಓಡುವ ಪಟ್ಟಿಗೆ ನಾನು ಇಟ್ಟುಕೊಂಡಿದ್ದು ಬೀಟೆ. ನೇರಳೆ ಛಾಯೆಯ ಆ ಗಾಢ ಕಂದಿನ ಪಕ್ಕದಲ್ಲಿ ಈ ಹಳದಿ ಕಣ್ಣಿಗೆ ಹೊಡೆಯುತ್ತಿತ್ತು. ಹಲಸು ವರ್ಷಗಳು ಕಳೆದಂತೆ ತಾನಾಗಿಯೇ ಕಂದಾಗುತ್ತದೆ, ನಿಜ. ಅಷ್ಟು ಕಾಯುವ ತಾಳ್ಮೆ ನನಗಿರಲಿಲ್ಲ.

ಒಡಲಿಗೆ ಒಂದು ಹನಿ ಬಣ್ಣ ತಾಗಿಸುವ ಮೊದಲು ಅದೇ ಹಲಗೆಯ ಉಳಿಕೆ ತುಂಡುಗಳಲ್ಲಿ ಒಂಬತ್ತನ್ನು ಸಿದ್ಧಪಡಿಸಿಕೊಂಡೆ. ಬೇರೆ ಮರದ ತುಂಡಿನ ಮೇಲೆ ನೋಡಿದ ಬಣ್ಣಕ್ಕೆ ಬೆಲೆಯಿಲ್ಲ. ಪ್ರತಿಯೊಂದನ್ನೂ 120, 180, 220 ನಂಬರಿನ ಉಪ್ಪುಕಾಗದದಲ್ಲಿ ತಿಕ್ಕಿದೆ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದಾಗ ಎದ್ದ ನಾರನ್ನು ಮತ್ತೊಮ್ಮೆ 220ರಲ್ಲಿ ಹಗುರವಾಗಿ ಇಳಿಸಿದೆ. ಹಲಸಿನ ನಾರು ಒಂದು ಪಟ್ಟಿಯಲ್ಲಿ ಅತ್ತ, ಪಕ್ಕದ ಪಟ್ಟಿಯಲ್ಲಿ ಇತ್ತ ಬಾಗಿರುತ್ತದೆ. ಹತ್ತರಿ ಒಂದು ಕಡೆ ನುಣುಪಾಗಿ ಹೋದರೆ ಇನ್ನೊಂದು ಕಡೆ ಕಿತ್ತುಕೊಂಡು ಬರುತ್ತದೆ. ಕಿತ್ತುಹೋದ ಜಾಗ ಬರಿಗಣ್ಣಿಗೆ ಕಾಣದಿದ್ದರೂ ಬಣ್ಣಕ್ಕೆ ಕಾಣುತ್ತದೆ. ಅದು ಅಲ್ಲೇ ಹೆಚ್ಚು ಇಳಿದು ಮಚ್ಚೆ ಕಟ್ಟುತ್ತದೆ. ಅಂಟು ಸೋರಿದ ಜಾಗದಲ್ಲಿ ಇದರ ಉಲ್ಟಾ, ಬಣ್ಣ ಹಿಡಿಯುವುದೇ ಇಲ್ಲ. ಇವೆರಡನ್ನೂ ಹುಡುಕಿ ಸರಿಪಡಿಸಲು ಒಡಲಿನ ಮೇಲೆ ಎರಡು ಸಂಜೆ ಹಿಡಿದವು.

ಮೊದಲ ಸರದಿ ಪೇಂಟ್ ಅಂಗಡಿಯಲ್ಲಿ ಸಿಗುವ ವಾಲ್‌ನಟ್ ಬಣ್ಣದ ಎಣ್ಣೆ ಆಧಾರಿತ ಸ್ಟೇನಿನದು, ಅಂದರೆ ಮರಕ್ಕೆ ಬಣ್ಣ ಹಿಡಿಸುವ ದ್ರವದ್ದು. ಬಳಸಲು ಇದರಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಬಟ್ಟೆಯಲ್ಲಿ ಹಚ್ಚಿ, ಐದು ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಒರೆಸಿದರೆ ಮುಗಿಯಿತು. ನಿಧಾನವಾಗಿ ಒಣಗುವುದರಿಂದ ಕೈ ತಪ್ಪಿದರೂ ತಿದ್ದಲು ಸಮಯವಿದೆ. ಆದರೆ ಇದರಲ್ಲಿರುವುದು ಕರಗಿದ ಬಣ್ಣವಲ್ಲ, ನುಣ್ಣನೆಯ ಪುಡಿ. ಆ ಪುಡಿ ಮರದ ರಂಧ್ರಗಳಲ್ಲಿ ಹೋಗಿ ಕೂರುತ್ತದೆ, ನಯವಾದ ಜಾಗದಲ್ಲಿ ನಿಲ್ಲುವುದಿಲ್ಲ. ಹಲಸಿನ ರಂಧ್ರಗಳು ದೊಡ್ಡವು. ಒಂದು ಲೇಪನಕ್ಕೆ ಹಳದಿ ಬಟ್ಟೆಯ ಮೇಲೆ ಕಪ್ಪು ದಾರದಲ್ಲಿ ಹೊಲಿಗೆ ಹಾಕಿದಂತೆ ಕಂಡಿತು. ಮೂರು ಲೇಪನಕ್ಕೆ ಬೇಕಾದಷ್ಟು ಗಾಢವಾಯಿತು, ಅಷ್ಟರಲ್ಲಿ ಮರವೇ ಮರೆಯಾಗಿ ಬರೀ ಪೇಂಟ್ ಬಳಿದಂತಾಗಿತ್ತು. ಅಡ್ಡ ಕೊಯ್ದ ಅಂಚುಗಳು ಮಾತ್ರ ಮುಖಕ್ಕಿಂತ ಎರಡು ಪಟ್ಟು ಕಪ್ಪು. ಆಗ ಮಳೆಗಾಲ. ಒಂದೊಂದು ಲೇಪನದ ಅಂಟು ಬಿಡಲು ಎರಡು ದಿನ ಬೇಕಾಯಿತು. ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆಯಂಥವು ಒಣಗುವಾಗ ಬಿಸಿ ಹುಟ್ಟಿ, ಮುದ್ದೆಯಾದ ಬಟ್ಟೆಗೆ ತಾನಾಗಿಯೇ ಬೆಂಕಿ ಹತ್ತಬಹುದು. ಅದನ್ನು ಬಿಡಿಸಿ ಹರಡಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಬೇಕು.

ಸ್ಪಿರಿಟ್‌ನಲ್ಲಿ ಕರಗುವ ಬಣ್ಣದ ಪುಡಿ ಎರಡನೆಯದು. ಕಪ್ಪಿಗೆ ನೈಗ್ರೊಸಿನ್, ಜೊತೆಗೆ ಒಂದಿಷ್ಟು ಕಂದು. ಪಾಲಿಶ್ ಕೆಲಸದವರು ಅರಗಿನ ಜೊತೆಗೆ ಬೆರೆಸಿಕೊಳ್ಳುವುದು ಇಂಥ ಬಣ್ಣಗಳನ್ನೇ. ಮರದ ಅಂದ ಕಾಣಬೇಕೆಂದರೆ ಇದಕ್ಕೆ ಸಾಟಿಯಿಲ್ಲ. ಬಣ್ಣ ಕರಗಿರುವುದರಿಂದ ನಾರಿನೊಳಗೆ ಇಳಿದುಬಿಡುತ್ತದೆ, ಮೇಲೆ ತೆರೆ ಕಟ್ಟುವುದಿಲ್ಲ. ಅತ್ತಿತ್ತ ಬಾಗಿದ ಆ ಪಟ್ಟಿಗಳು ತುಂಡನ್ನು ಓರೆ ಹಿಡಿದಾಗ ರೇಷ್ಮೆ ಸೀರೆಯ ಮಡಿಕೆಯಂತೆ ಹೊಳಪು ಬದಲಿಸುತ್ತಿದ್ದವು. ಅಂಗೈಯಗಲದ ತುಂಡಿನಲ್ಲಿ ಇದೇ ಗೆದ್ದಿತ್ತು. ದೊಡ್ಡ ತುಂಡಿಗೆ ಬಂದಾಗ ಕಷ್ಟ ತಿಳಿಯಿತು. ಸ್ಪಿರಿಟ್ ಆರಲು ನಿಮಿಷವೂ ಬೇಡ. ಹಿಂದಿನ ಎಳೆತ ಒಣಗಿದ ಮೇಲೆ ಅದರ ಅಂಚಿಗೆ ಮುಂದಿನದು ತಾಗಿದರೆ ಅಲ್ಲೊಂದು ಗಾಢ ಗೆರೆ ಉಳಿಯುತ್ತದೆ. ಮೇಲೆ ಅರಗಿನ ಪಾಲಿಶ್ ಹಚ್ಚಿದಾಗ ಇನ್ನೊಂದು ತೊಂದರೆ. ಅರಗೂ ಸ್ಪಿರಿಟ್‌ನಲ್ಲೇ ಕರಗಿರುವುದರಿಂದ ಕೆಳಗಿನ ಬಣ್ಣ ಮತ್ತೆ ಎದ್ದು ಬಟ್ಟೆಗೆ ಬಂತು, ತುಂಡಿನ ಅಂಚು ಬಿಳಚಿತು. ಅರಗಿನ ಮೊದಲ ಲೇಪನವನ್ನು ಸಿಂಪಡಿಸಿದರೆ ಇದು ತಪ್ಪುತ್ತದೆ, ನನ್ನ ಬಳಿ ಸಿಂಪಡಿಸುವ ಸಲಕರಣೆ ಇರಲಿಲ್ಲ.

ಮೂರನೆಯದು ನಮ್ಮ ಅಜ್ಜ ಹೇಳುತ್ತಿದ್ದ ಹಳೆಯ ಶಾಯಿಯ ನೆನಪಿನಿಂದ ಬಂದದ್ದು. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿದರೆ ಕಪ್ಪು ಶಾಯಿ. ಅಳಲೆಕಾಯಿಯ ಒಗರಿಗೆ ಕಾರಣ ಅದರಲ್ಲಿ ತುಂಬಿರುವ ಟ್ಯಾನಿನ್, ಅದು ಕಬ್ಬಿಣವನ್ನು ಕೂಡಿದರೆ ಕಪ್ಪಾಗುತ್ತದೆ. ಶ್ರೀಕಾಳಹಸ್ತಿಯ ಕಲಂಕಾರಿಯ ಕಪ್ಪು ಗೆರೆಯೂ ಹೀಗೇ ಹುಟ್ಟುತ್ತದೆ: ಅಳಲೆಕಾಯಿ ಮತ್ತು ಹಾಲಿನಲ್ಲಿ ಅದ್ದಿದ ಬಟ್ಟೆಯ ಮೇಲೆ ಬೆಲ್ಲದಲ್ಲಿ ಕೊಳೆಸಿದ ಕಬ್ಬಿಣದ ನೀರಿನಿಂದ ಬರೆಯುತ್ತಾರೆ. ಬಟ್ಟೆಯ ಮೇಲೆ ಆಗುವುದು ಮರದ ಮೇಲೆ ಏಕಾಗಬಾರದು?

ಗ್ರಂಧಿಗೆ ಅಂಗಡಿಯಿಂದ 50 ಗ್ರಾಂ ಅಳಲೆಕಾಯಿ ತಂದು ಜಜ್ಜಿ, ಅರ್ಧ ಲೀಟರ್ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು ಸೋಸಿದೆ. ಕಬ್ಬಿಣದ ಪಾತ್ರೆಯಲ್ಲಿ ಮಾತ್ರ ಕುದಿಸಬೇಡಿ, ಪಾತ್ರೆಯಲ್ಲೇ ಶಾಯಿಯಾಗುತ್ತದೆ. ಇನ್ನೊಂದು ಬಾಟಲಿಯಲ್ಲಿ ವಿನೆಗರ್, ಅದರಲ್ಲಿ ಎಣ್ಣೆ ಜಿಡ್ಡು ಹೋಗುವಂತೆ ಸೋಪಿನಲ್ಲಿ ತೊಳೆದ ಉಕ್ಕಿನ ಉಣ್ಣೆ (ಸ್ಟೀಲ್ ವುಲ್). ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಟೀಲಿನ ನಾರು ನಡೆಯದು, ಅದು ಕರಗುವುದಿಲ್ಲ. ಗುಳ್ಳೆಗಳಾಗಿ ಏಳುವುದು ಹೈಡ್ರೋಜನ್, ಆದ್ದರಿಂದ ಮುಚ್ಚಳ ಸಡಿಲವಾಗಿರಬೇಕು, ಹತ್ತಿರ ಬೆಂಕಿ ಇರಬಾರದು. ಐದನೆಯ ದಿನ ದಪ್ಪ ಬಟ್ಟೆಯಲ್ಲಿ ಸೋಸಿದೆ. ಅದೇ ನನ್ನ ಕಬ್ಬಿಣದ ನೀರು.

ಅಳಲೆಕಾಯಿ ಇಲ್ಲದೆ ಬರೀ ಕಬ್ಬಿಣದ ನೀರನ್ನು ಹಲಸಿಗೆ ಹಚ್ಚಿದಾಗ ಬಂದದ್ದು ಹಸಿರು ಬೆರೆತ ಕಂದು, ಪಾಚಿ ಕಟ್ಟಿದ ಗೋಡೆಯ ಬಣ್ಣ. ಹಲಸಿನ ಹಳದಿ ಕಬ್ಬಿಣದ ಜೊತೆ ಸೇರಿದರೆ ಹೀಗಾಗುತ್ತದೆ. ಕಷಾಯ ಹಚ್ಚಿ ಒಣಗಿಸಿದ ತುಂಡಿನ ಕಥೆಯೇ ಬೇರೆ. ಕುಂಚ ಎಳೆದಾಗ ಏನೂ ಆಗಲಿಲ್ಲ. ಹತ್ತು ಎಣಿಸುವಷ್ಟರಲ್ಲಿ ಬೂದಿ ಛಾಯೆ ಮೂಡಿತು, ನೋಡನೋಡುತ್ತ ಅದು ಸೀಸದ ಬಣ್ಣವಾಗಿ, ಸ್ವಲ್ಪ ಹೊತ್ತಿಗೆ ಕಪ್ಪಾಯಿತು. ಪ್ರತಿಯೊಂದು ಎಳೆಯೂ ಹಾಗೆಯೇ ಇತ್ತು, ಹೊಳಪಿನ ಪಟ್ಟಿಗಳೂ ಇದ್ದವು. ಕಪ್ಪು ಮೇಲೆ ಬಂದು ಕೂತದ್ದಲ್ಲ, ನಾರಿನೊಳಗೇ ಹುಟ್ಟಿದ್ದು. ಹಾಗಾಗಿ ಕುಂಚದ ಎಳೆತಗಳು ಒಂದರ ಮೇಲೊಂದು ಬಿದ್ದರೂ ಗೆರೆ ಉಳಿಯಲಿಲ್ಲ. ಮುಂದೆ ಒಡಲಿನ ಅಂಚೊಂದನ್ನು ತಿಕ್ಕುವಾಗ ಕಪ್ಪು ಹರಿದು ಹಳದಿ ಇಣುಕಿತು. ಅಲ್ಲಿಗಷ್ಟೇ ಕಷಾಯ, ಕಬ್ಬಿಣದ ನೀರು ಮತ್ತೆ ಹಚ್ಚಿದೆ. ಈಗ ಆ ಜಾಗ ಯಾವುದೆಂದು ನನಗೇ ಗುರುತು ಸಿಗುವುದಿಲ್ಲ.

ಒಂದು ಕೊರತೆ ಇತ್ತು. ಈ ಕಪ್ಪು ತಣ್ಣಗಿನ ಕಪ್ಪು, ನೀಲಿಗೆ ವಾಲಿದ್ದು. ಬೀಟೆಯ ಬೆಚ್ಚಗಿನ ಕಂದಿನ ಎದುರಿಗೆ ಇದ್ದಿಲಿನಂತೆ ನಿರ್ಜೀವವಾಗಿ ಕಂಡಿತು. ಬಣ್ಣವೊಂದನ್ನೇ ನೋಡಿ ತೀರ್ಮಾನಿಸಿದ್ದರೆ ಇದನ್ನು ಬಿಟ್ಟುಬಿಡುತ್ತಿದ್ದೆ. ಅದೃಷ್ಟಕ್ಕೆ ಎಲ್ಲ ತುಂಡುಗಳಿಗೂ ಪಾಲಿಶ್ ಹಚ್ಚಿಯೇ ಹೋಲಿಸಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಶುದ್ಧೀಕರಿಸದ ಕಿತ್ತಳೆ ಬಣ್ಣದ ಅರಗನ್ನು ನಾಲ್ಕು ಬಾರಿ ಹಚ್ಚಿದ ಮೇಲೆ ಆ ನೀಲಿ ಅಡಗಿತು, ಒಳಗಿನಿಂದ ಕೆಂಗಂದು ಬೆಳಕು ಬಂದಂತಾಯಿತು. ಬೀಟೆಯ ಪಕ್ಕದಲ್ಲಿಟ್ಟಾಗ ಎರಡೂ ಒಂದೇ ಮನೆಯವರಂತೆ ಕಂಡವು. ಬಿಳಿ ಮಾಡಿದ ಅರಗಿನಲ್ಲಿ ಇದು ಬರಲಿಲ್ಲ, ಅದನ್ನೂ ಹಚ್ಚಿ ನೋಡಿದ್ದೇನೆ.

ಮೂರು ಬಗೆಯ ತುಂಡುಗಳನ್ನೂ ಅರ್ಧಕ್ಕೆ ರಟ್ಟು ಮುಚ್ಚಿ ದಕ್ಷಿಣದ ಕಿಟಕಿಯಲ್ಲಿ ಎರಡು ತಿಂಗಳು ಇಟ್ಟಿದ್ದೆ. ಸ್ಪಿರಿಟ್ ಬಣ್ಣದ ತುಂಡಿನಲ್ಲಿ ರಟ್ಟಿನ ಅಂಚು ಸ್ಪಷ್ಟವಾಗಿ ಮೂಡಿತ್ತು, ಬಿಸಿಲಿಗೆ ಬಿದ್ದ ಅರ್ಧ ಮಾಸಿತ್ತು. ಸ್ಟೇನಿನಲ್ಲೂ ಅಳಲೆಕಾಯಿಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಒಡಲಿಗೆ ಅಳಲೆಕಾಯಿ ಎಂಬ ನಿರ್ಧಾರ ಆ ದಿನ ಗಟ್ಟಿಯಾಯಿತು. ಮೊದಲ ಬಾರಿಗೆ ಬಣ್ಣ ಹಚ್ಚುವವರು, ಮರದ ಎಳೆ ಅಷ್ಟಾಗಿ ಕಾಣದಿದ್ದರೂ ಸರಿ ಎನ್ನುವವರು ಅಂಗಡಿಯ ಸ್ಟೇನನ್ನೇ ತೆಗೆದುಕೊಳ್ಳಲಿ, ಅದು ಮೋಸ ಮಾಡುವುದಿಲ್ಲ. ಸ್ಪಿರಿಟ್ ಬಣ್ಣವನ್ನು ನಾನು ಗಿಟಾರಿನ ತಲೆಯ ಮುಖಕ್ಕೆ ಉಳಿಸಿಕೊಂಡೆ. ಅಷ್ಟು ಚಿಕ್ಕ ಜಾಗವನ್ನು ಅದು ಆರುವ ಮೊದಲೇ ಮುಗಿಸಬಹುದು.

ಅಳಲೆಕಾಯಿ ದಾರಿ ಹಿಡಿಯುವವರು ಎರಡು ಕುಂಚ ಇಟ್ಟುಕೊಳ್ಳಿ. ಕಬ್ಬಿಣದ ನೀರಿನ ಕುಂಚ ಕಷಾಯಕ್ಕೆ ತಾಗಿದರೆ ಇಡೀ ಪಾತ್ರೆ ಕೆಡುತ್ತದೆ. ತಂತಿಯ ಕಂಪನವನ್ನು ಹಿಡಿಯುವ ಆಯಸ್ಕಾಂತದ ಪಿಕಪ್ ಕೂರಿಸಿದ ಮೇಲೆ ಉಕ್ಕಿನ ಉಣ್ಣೆಯನ್ನು ಗಿಟಾರಿನ ಹತ್ತಿರ ತರಬೇಡಿ, ಅದರ ಚೂರುಗಳು ಆಯಸ್ಕಾಂತಕ್ಕೆ ಅಂಟಿದರೆ ಬಿಡಿಸುವುದು ಕಷ್ಟ. ಕತ್ತನ್ನು ಮೊದಲೇ ಬಿಚ್ಚಿಡಿ. ನಾನು ಬಿಚ್ಚಿರಲಿಲ್ಲ, ಮಹಾಗನಿಯ ಕತ್ತಿನ ಮೇಲೆ ಕಬ್ಬಿಣದ ನೀರಿನ ಒಂದು ಹನಿ ಬಿತ್ತು. ಮಹಾಗನಿಯಲ್ಲಿ ಟ್ಯಾನಿನ್ ಇದೆ, ಒರೆಸುವಷ್ಟರಲ್ಲಿ ಕಾಳುಮೆಣಸಿನ ಗಾತ್ರದ ಕಪ್ಪು ಬೊಟ್ಟು. ಕೈಗವಸು ಹಾಕಿಕೊಂಡು ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ ಹಚ್ಚಿ, ಚೆನ್ನಾಗಿ ತೊಳೆದ ಮೇಲೆ ಬೊಟ್ಟು ಹೋಯಿತು. ಕತ್ತಿಗೆ ನಾನು ಬಣ್ಣವನ್ನೇ ಹಚ್ಚಲಿಲ್ಲ. ಹೆಬ್ಬೆರಳು ದಿನವೂ ಜಾರುವ ಜಾಗವದು, ಯಾವ ಬಣ್ಣವೂ ಅಲ್ಲಿ ಬಹುಕಾಲ ನಿಲ್ಲದು. ತೆಳುವಾಗಿ ಎಣ್ಣೆ ಒರೆಸಿ ಬಿಟ್ಟಿದ್ದೇನೆ.