ಒಂದೂವರೆ ವರ್ಷ ಬಳಸಿದ ಬಿಲ್ಲಿಂಗ್ ಮಷೀನು: ಎಲ್ಲ ಸರಿ, ಆ ರೀಪ್ರಿಂಟ್ ಗುಂಡಿಯೊಂದು ಬಿಟ್ಟು

ದರ್ಶಿನಿಯಲ್ಲಿ ಬಿಲ್ಲು ಬರೀ ರಸೀದಿಯಲ್ಲ, ಅದೇ ದುಡ್ಡು. ಗಿರಾಕಿ ಗಲ್ಲಾದಲ್ಲಿ ಕಾಸು ಕೊಟ್ಟು ಚೀಟಿ ಪಡೆಯುತ್ತಾನೆ, ಚೀಟಿ ಕೊಟ್ಟರೆ ದೋಸೆ. ಕಾವಲಿಯ ಮುಂದೆ ನಿಂತವನಿಗೆ ಹಣ ಬಂತೋ ಇಲ್ಲವೋ ತಿಳಿಯುವುದು ಆ ಚೀಟಿಯಿಂದ ಮಾತ್ರ. ಟೇಬಲ್ಲಿಗೆ ಸಪ್ಲೈ ಮಾಡುವ ಹೋಟೆಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸಾಫ್ಟ್‌ವೇರ್‌ಗಳು ಎಡವುವುದು ಇಲ್ಲೇ. ಇಲ್ಲಿ ಹೇಳುತ್ತಿರುವುದು ವಾರ್ಷಿಕ ಚಂದಾದ, ಆಂಡ್ರಾಯ್ಡ್ ಟಚ್‌ಸ್ಕ್ರೀನ್ ಮೇಲೆ ಓಡುವ ಒಂದು ಸಾಫ್ಟ್‌ವೇರಿನ ಬಗ್ಗೆ. ಕಂಪನಿಯ ಹೆಸರು ಬೇಡ. ಇದೇ ತೊಂದರೆ ಬೇರೆಯವರದ್ದರಲ್ಲೂ ಇರಬಹುದು. ದಿನಕ್ಕೆ ಸುಮಾರು 900 ಬಿಲ್ಲು, ಅದರಲ್ಲಿ ಅರ್ಧ ಬೆಳಿಗ್ಗೆ ಏಳೂವರೆಯಿಂದ ಹತ್ತೂವರೆಯೊಳಗೆ.

ಮೊದಲು ಮೆಚ್ಚಿದ್ದು. ಪರದೆಯ ಚಿತ್ರಗಳನ್ನು ಒತ್ತುತ್ತಾ ಕೂರಬೇಕಿಲ್ಲ. ಯುಎಸ್‌ಬಿ ನಂಬರ್ ಪ್ಯಾಡ್ ಸಿಕ್ಕಿಸಿ ಪ್ರತಿ ತಿಂಡಿಗೂ ಒಂದು ಸಂಖ್ಯೆ ಕೊಟ್ಟರೆ ಆಯಿತು. 1 ಇಡ್ಲಿ, 3 ವಡೆ, 21 ಕಾಫಿ. ಗಿರಾಕಿ ಹೇಳಿ ಮುಗಿಸುವಷ್ಟರಲ್ಲಿ ಕೈ ಎಂಟರ್ ಮೇಲಿರುತ್ತದೆ. ಪ್ರಿಂಟರ್ ಬಿಲ್ಲನ್ನು ಉಗುಳಿ, ಕಚಕ್ ಎಂದು ಕತ್ತರಿಸಿ, ಹಿಂದೆಯೇ ತಿಂಡಿಗೊಂದು ಕಾಫಿಗೊಂದು ಚೀಟಿ ಕೊಡುತ್ತದೆ. ಈ ಕಚಕ್ ಕಚಕ್ ಸದ್ದಿನ ಲಯದಲ್ಲೇ ಸಾಲು ಮುಂದೆ ಸರಿಯುವುದು. ಜಿಎಸ್‌ಟಿ ನಂಬರು ಮತ್ತು 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ನಂಬರು ಗಿರಾಕಿಯ ಬಿಲ್ಲಿನಲ್ಲಿದ್ದರೆ ಸಾಕು, ಕೌಂಟರ್ ಚೀಟಿಗಳಿಂದ ತೆಗೆಸಿ. ಲೋಗೋವನ್ನೂ ‘ಮತ್ತೆ ಬನ್ನಿ’ ಸಾಲನ್ನೂ ಕಿತ್ತುಹಾಕಿ. 50 ಮೀಟರಿನ ರೋಲಿನಲ್ಲಿ 14 ಸೆಂ.ಮೀ. ಬಿಲ್ಲಾದರೆ 350ರ ಆಸುಪಾಸು, 10 ಸೆಂ.ಮೀ.ಗೆ ಇಳಿಸಿದರೆ 500.

ಕನ್ನಡದಲ್ಲಿ ಮುದ್ರಣ ಇದೆ ಎಂದು ಮಾರುವಾಗ ಹೇಳುತ್ತಾರೆ. ‘ವಡೆ’ ಪ್ರಿಂಟ್ ಮಾಡಿಸಿ ಒಪ್ಪಬೇಡಿ, ‘ಅಕ್ಕಿ ರೊಟ್ಟಿ’ ಪ್ರಿಂಟ್ ಮಾಡಿಸಿ. ಇಂಥ ಥರ್ಮಲ್ ಪ್ರಿಂಟರಿನೊಳಗೆ ಸಾಮಾನ್ಯವಾಗಿ ಕನ್ನಡ ಅಕ್ಷರವೇ ಇರುವುದಿಲ್ಲ. ಸಾಫ್ಟ್‌ವೇರ್ ಅದನ್ನು ಚಿತ್ರವಾಗಿ ಬರೆದು ಕಳಿಸಬೇಕು. ಆ ಕೆಲಸ ಅರೆಬರೆಯಾದರೆ ಒತ್ತಕ್ಷರ ಕಳಚಿ ‘ಅಕ್‌ಕಿ ರೊಟ್‌ಟಿ’ ಬರುತ್ತದೆ. ಸರಿಯಾಗಿ ಬಂದರೂ ಬಿಲ್ಲು ತುಸು ನಿಧಾನ. ಹಾಗಾಗಿ ಗಿರಾಕಿಯ ಬಿಲ್ಲು ಕನ್ನಡದಲ್ಲಿ, ಕೌಂಟರ್ ಚೀಟಿಯಲ್ಲಿ ದೊಡ್ಡ ಅಂಕಿ ಮತ್ತು ಚುಟುಕು ಹೆಸರು. (ದೋಸೆ ಹುಯ್ಯುವ ಹುಡುಗರಲ್ಲಿ ಕನ್ನಡ ಓದುವವರೇ ಈಗ ಕಡಿಮೆ, ಅದು ಬೇರೆ ಮಾತು.)

ಪೈಸೆಯ ಕಿರಿಕಿರಿಯೂ ಒಂದಿದೆ. ತೆರಿಗೆ ಸೇರಿಯೇ 25 ರೂಪಾಯಿ ಎಂದು ಬೋರ್ಡಿನಲ್ಲಿರುವ ಕಾಫಿಯನ್ನು 1.05ರಿಂದ ಭಾಗಿಸಿದರೆ ಮೂಲ ಬೆಲೆ 23.81, ಎರಡೂವರೆ ಪರ್ಸೆಂಟಿನ ಎರಡು ತೆರಿಗೆ (ಕೇಂದ್ರದ್ದೊಂದು, ರಾಜ್ಯದ್ದೊಂದು) ತಲಾ 0.60. ಕೂಡಿಸಿದರೆ 25.01! ಇಂಥ ಬಿಲ್ಲಿನಲ್ಲೆಲ್ಲ ಒಂದು ಪೈಸೆಯ ರೌಂಡ್ ಆಫ್ ಸಾಲು. ತೆರಿಗೆಯನ್ನು ಮೊದಲು ಕಳೆದು ಮಿಕ್ಕ 23.80ನ್ನು ಮೂಲ ಬೆಲೆಯಾಗಿ ತೋರಿಸುವಂತೆ ಸೆಟ್ಟಿಂಗ್ ಬದಲಿಸಿದರೆ ಕಾಟ ತಪ್ಪುತ್ತದೆ. ಆ ಸೆಟ್ಟಿಂಗ್ ಎಲ್ಲಿದೆ ಎಂದು ಸಪೋರ್ಟಿನವರಿಗೂ ಹುಡುಕಬೇಕಾಯಿತು.

ಇಷ್ಟನ್ನೂ ಕ್ಷಮಿಸಬಹುದು. ರೀಪ್ರಿಂಟ್ ಗುಂಡಿಯನ್ನಲ್ಲ.

ಪೇಪರ್ ಸಿಕ್ಕಿಕೊಂಡಾಗ ಬೇಕೆಂದು ಅದನ್ನಿಟ್ಟಿದ್ದಾರೆ. ಒತ್ತಿದರೆ ಹಳೆಯ ಬಿಲ್ಲು ಮತ್ತೆ ಬರುತ್ತದೆ, ತಲೆಯ ಮೇಲೆ ‘ಡೂಪ್ಲಿಕೇಟ್’ ಎಂಬ ಸಣ್ಣ ಸಾಲಿನೊಂದಿಗೆ. ಆದರೆ ಕೌಂಟರ್ ಚೀಟಿಗಳಲ್ಲಿ ಆ ಸಾಲಿಲ್ಲ. ಮಸಾಲೆ ದೋಸೆ, ಕಾಫಿ ಕೇಳಿದ ಗಿರಾಕಿಯಿಂದ ಗಲ್ಲಾದವನು ನಗದು ತೆಗೆದುಕೊಂಡು ಜೇಬಿಗಿಳಿಸಿ, ಹತ್ತು ನಿಮಿಷದ ಹಿಂದಿನ ಅಂಥದ್ದೇ ಬಿಲ್ಲನ್ನು ರೀಪ್ರಿಂಟ್ ಮಾಡಿದರೆ ದೋಸೆ ಹೋಗುತ್ತದೆ, ಮಾರಾಟ ಏರುವುದಿಲ್ಲ, ರಾತ್ರಿ ಗಲ್ಲಾ ಪೈಸೆ ಬಿಡದೆ ತಾಳೆಯಾಗುತ್ತದೆ. ದಿನಕ್ಕೆ 80 ರೂಪಾಯಿಯ ಐದೇ ಬಿಲ್ಲು ಹೀಗೆ ಜಾರಿದರೆ ತಿಂಗಳಿಗೆ 12,000. ಸಾಫ್ಟ್‌ವೇರಿನ ವರ್ಷದ ಚಂದಾ 10,000. ಐದು ಪರ್ಸೆಂಟ್ ತೆರಿಗೆಯ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ (ಕೊಂಡಾಗ ಕಟ್ಟಿದ ತೆರಿಗೆಯನ್ನು ಹೊಂದಿಸಿಕೊಳ್ಳುವ ಸೌಲಭ್ಯ) ಇಲ್ಲವಾದ್ದರಿಂದ 18 ಪರ್ಸೆಂಟ್ ಜಿಎಸ್‌ಟಿ ಸೇರಿ 11,800 ಪೂರ್ತಿ ಖರ್ಚು. ವರ್ಷದ ಚಂದಾಕ್ಕಿಂತ ಹೆಚ್ಚು ಒಂದೇ ತಿಂಗಳಲ್ಲಿ ಹೋಯಿತು!

ತಡೆ ಇಲ್ಲವೆಂದಲ್ಲ. ರೀಪ್ರಿಂಟಿಗೂ ಬಿಲ್ ಕ್ಯಾನ್ಸಲಿಗೂ ಮ್ಯಾನೇಜರ್ ಪಿನ್ ಹಾಕಬಹುದು. ಬರುವಾಗ ಅದು ಆಫ್ ಆಗಿಯೇ ಬರುತ್ತದೆ, ಅಪ್‌ಡೇಟ್ ಆದ ಮೇಲೆ ಮತ್ತೆ ಆಫ್ ಆಗಿದ್ದೂ ಉಂಟು. ಹೊಸಬರು ಕಲಿಯಲೆಂದು ಇರುವ, ಮಾರಾಟಕ್ಕೆ ಸೇರದ ‘ಟ್ರೈನಿಂಗ್ ಮೋಡ್’ ಇನ್ನೊಂದು ಕಂಡಿ. ಅದರಲ್ಲಿ ಹೊಡೆದ ಚೀಟಿಗೂ ಅಸಲಿಗೂ ಕೌಂಟರಿನಲ್ಲಿ ವ್ಯತ್ಯಾಸ ಕಾಣದು.

ಕೊನೆಗೆ ಈ ಕಳ್ಳತನವನ್ನು ಹಿಡಿದುಕೊಡುವುದು ಉದ್ದಿನ ವಡೆ. ಹಿಟ್ಟು ಹುದುಗಿ ಉಬ್ಬುತ್ತದೆ, ಸೌಟಿನ ಕೈ ಒಂದೇ ಸಮ ಇರುವುದಿಲ್ಲ. ಆದ್ದರಿಂದ ದೋಸೆ ಲೆಕ್ಕ ಅಂದಾಜಿನದ್ದು. ಹಾಲು ಕುದ್ದು ಬತ್ತುತ್ತದೆ. ಸಾಫ್ಟ್‌ವೇರಿನ ರೆಸಿಪಿ ಸ್ಟಾಕ್ ವಿಭಾಗವನ್ನು (ಬಿಲ್ಲಿನಿಂದಲೇ ಹಿಟ್ಟು, ಹಾಲಿನ ಖರ್ಚು ಲೆಕ್ಕ ಹಾಕುವುದು) ಮೂರು ತಿಂಗಳಲ್ಲಿ ಕೈಬಿಟ್ಟಿದ್ದು ಅದಕ್ಕೇ. ವಡೆ ಮಾತ್ರ ಎಣಿಕೆಯ ಮಾಲು: ಬಾಣಲೆಯಿಂದ ಎತ್ತಿದ್ದು 300, ಮಿಕ್ಕಿದ್ದು 20, ಬಿಲ್ಲಾದದ್ದು 262 ಎಂದರೆ 18 ಎಲ್ಲಿ? ಇದಕ್ಕೆ ‘ಇಡ್ಲಿ ವಡೆ’ಯನ್ನು ಒಂದೇ ಐಟಂ ಮಾಡದೆ ಕಾಂಬೊ ಮಾಡಿ, ಒಳಗೆ ಇಡ್ಲಿ, ವಡೆ ಬೇರೆ ಬೇರೆ ಎಣಿಸುವಂತೆ ಇಡಬೇಕು. ಆಗ ಐಟಂವಾರು ವರದಿ ನಿಜ ಹೇಳುತ್ತದೆ. ಈ ವರದಿ ಗಂಟೆವಾರು ಸಿಗುವುದು ಈ ಸಾಫ್ಟ್‌ವೇರಿನ ಪುಣ್ಯ: ಸಂಜೆ ನಾಲ್ಕರಿಂದ ಐದರವರೆಗೆ ಕಾಫಿ ಬಿಟ್ಟು ಬೇರೇನೂ ಹೋಗದಿದ್ದರೆ ಒಲೆ ಯಾವಾಗ ಆರಿಸಬೇಕು ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಯುಪಿಐ ಹೆಚ್ಚಿದಷ್ಟೂ ರೀಪ್ರಿಂಟ್ ಆಟ ಕಡಿಮೆ. ಆದರೆ ನಗದು ಬಿಲ್ಲನ್ನು ‘ಯುಪಿಐ’ ಎಂದು ಗುರುತು ಹಾಕಿ ನೋಟು ಎತ್ತುವುದು ಅದರ ತಮ್ಮ. ಮಷೀನಿನ ಯುಪಿಐ ಮೊತ್ತವನ್ನು ಬ್ಯಾಂಕಿಗೆ ಬಂದ ಮೊತ್ತದೊಂದಿಗೆ ದಿನವೂ ಹೋಲಿಸಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ ಈ ತಾಳೆ ಕಳ್ಳತನಕ್ಕಷ್ಟೇ ಅಲ್ಲ, ಆಡಿಟರಿಗೂ ಬೇಕು.

ಐದಕ್ಕೆ ಮೂರು ಸ್ಟಾರ್. ಕೌಂಟರ್ ಚೀಟಿಯಲ್ಲೂ ‘ಡೂಪ್ಲಿಕೇಟ್’ ಬಂದರೆ ನಾಲ್ಕೂವರೆ. ಮುಂದಿನ ಅಪ್‌ಡೇಟಿನಲ್ಲಿ ಬರುತ್ತದೆ ಎಂಬ ಉತ್ತರ ಬಂದು ಏಳು ತಿಂಗಳಾಯಿತು. ಅಲ್ಲಿಯವರೆಗೆ ಚೀಟಿಯನ್ನು ಮೊಳೆಗೆ ಚುಚ್ಚದೆ, ಅರ್ಧ ಹರಿದು ಬೀಗದ ಡಬ್ಬಿಗೆ ಹಾಕಿಸಿ, ರಾತ್ರಿ ಬಿಲ್ ನಂಬರಿನ ಪ್ರಕಾರ ಜೋಡಿಸಿ. ಒಂದೇ ನಂಬರು ಎರಡು ಸಲ ಕಂಡರೆ ಸಿಕ್ಕಿತು. ಡಬ್ಬಿ ಮಾತ್ರ ಕಾವಲಿಯಿಂದ ದೂರವಿರಲಿ. ಥರ್ಮಲ್ ಕಾಗದಕ್ಕೆ ಶಾಖ ತಗುಲಿದರೆ ಚೀಟಿ ಪೂರ್ತಿ ಕಪ್ಪಾಗಿ ನಂಬರೇ ಕಾಣುವುದಿಲ್ಲ.